ಅತ್ತೆಯ ಸಂಚಿಯಲ್ಲಿ ಸೊಸೆಯ ಮಾತ್ರೆ

ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಸಿಸ್ಟರ್. ದಿನಾ ಮುಳಬಾಗಿಲಿಂದ ಬಸ್ಸಲ್ಲಿ ಬಂದು ಹೋಗೋಳು. ಆಪರೇಷನ್ ಥಿಯೇಟರಿನ ಒಳಗೆ ನಗೋ ಅಂಥದ್ದು ಏನೂ ನಡೆಯಲ್ಲ. ನಗು ಇರೋದೆಲ್ಲ ಆಪರೇಷನ್ನಿಗೆ ಮುಂಚೆ ಮಾತ್ರೆ ಕೊಟ್ಟು ಮನೆಗೆ ಕಳಿಸ್ತೀವಲ್ಲ, ಆ ಎರಡು ವಾರದಲ್ಲಿ. ಒಂದು ತಿಂಗಳು ಸುಮ್ಮನೆ ಹೋಯ್ತು ಅನ್ನೋ ಹಾಗಿಲ್ಲ, ಯಾವುದೋ ಒಂದು ಮನೆಯಿಂದ ಫೋನ್ ಬಂದೇ ಬರುತ್ತೆ.

ವಿಷಯ ಇಷ್ಟೇ. ಗರ್ಭಕೋಶದೊಳಗೆ ಸಣ್ಣದೊಂದು ದುರ್ಮಾಂಸ ಬೆಳೆದಿದ್ರೆ ಈಗ ಹೊಟ್ಟೆ ಕುಯ್ಯಲ್ಲ. ಕೆಳಗಿನಿಂದಲೇ ಪೆನ್ನಿಗಿಂತ ಸಣ್ಣ ಕ್ಯಾಮೆರಾ ಕಳಿಸಿ, ಟೀವಿಯಲ್ಲಿ ನೋಡ್ಕೊಂಡು, ಅದೊಂದನ್ನು ಮಾತ್ರ ಕತ್ತರಿಸಿ ತೆಗೀತಾರೆ. ಆದರೆ ಕೋಶದ ಒಳಪದರ ದಪ್ಪ ಇದ್ರೆ ಕ್ಯಾಮೆರಾಗೆ ಏನೂ ಕಾಣಲ್ಲ. ಅದನ್ನ ಇಳಿಸೋಕೆ ಮೊದಲು ಎರಡು ವಾರ ಹಾರ್ಮೋನ್ ಮಾತ್ರೆ ಕೊಡ್ತೀವಿ. ಹಳ್ಳಿ ಹೆಣ್ಣುಮಕ್ಕಳಿಗೆ ನಾನು ಹೇಳೋದು ಹೀಗೆ: ಹೊಲದಲ್ಲಿ ಹುಲ್ಲು ಸೊಂಟದುದ್ದ ಬೆಳೆದಿದ್ರೆ ಕಲ್ಲು ಎಲ್ಲಿದೆ ಅಂತ ಕಾಣುತ್ತೇನಮ್ಮ? ಮೊದಲು ಹುಲ್ಲು ಇಳೀಲಿ, ಆಮೇಲೆ ಕಲ್ಲು ಎತ್ತೋಣ. ಎಲ್ಲರೂ ಅರ್ಥ ಆಯ್ತು ಅಂತ ತಲೆ ಆಡಿಸ್ತಾರೆ. ಆಮೇಲೆ ಮನೆಗೆ ಹೋಗಿ ತಮಗೆ ತೋಚಿದ್ದೇ ಮಾಡ್ತಾರೆ.

ಮಾಲೂರು ಕಡೆಯ ಒಬ್ಬ ಗಂಡ, ಹೆಂಡತಿಗೆ ಕೊಡೋ ಮುಂಚೆ ಪರೀಕ್ಷೆ ಮಾಡೋಣ ಅಂತ ಮೊದಲನೇ ಮಾತ್ರೆ ತಾನೇ ನುಂಗಿಬಿಟ್ಟಿದ್ದ. ಆಮೇಲೆ ಭಯ ಬಿದ್ದು ನನಗೆ ಫೋನ್. ಮೇಡಂ, ನನಗೇನಾದ್ರೂ ಆಗುತ್ತಾ ಅಂತ ಕೇಳಿದ. ಒಂದರಿಂದ ಏನೂ ಆಗಲ್ಲಪ್ಪ, ಆದರೆ ಹೆಂಡತಿ ಕಷ್ಟ ಏನು ಅಂತ ಅರ್ಥ ಆಗೋಕೆ ಶುರುವಾದ್ರೆ ಗಾಬರಿ ಆಗಬೇಡ ಅಂದೆ. ಅದೆಲ್ಲ ಚಿಲ್ಲರೆ ಸಂಗತಿ. ಈಗ ಹೇಳ್ತಿರೋದು ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯ ಮನೆ ವಿಚಾರ. ಹೆಸರು ಬೇಡ. ಹೆಸರಿಲ್ಲದೆ ಹೇಳ್ಕೊಳ್ಳಿ ಅಂತ ಆ ಮನೆ ಅತ್ತೆಯೇ ನನಗೆ ಪರ್ಮಿಷನ್ ಕೊಟ್ಟಿದಾರೆ.

೧. ಒಂಬತ್ತು ಗಂಟೆಯ ಅಲಾರಾಂ

ಹುಡುಗಿಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಆರು ವರ್ಷವಾದ್ರೂ ಮಗು ಇಲ್ಲ. ತಿಂಗಳು ತಿಂಗಳೂ ವಿಪರೀತ ರಕ್ತ ಹೋಗಿ ಮುಖ ಬಿಳಿಚಿಕೊಂಡಿತ್ತು. ಸ್ಕ್ಯಾನ್ ಮಾಡಿದ್ರೆ ಕೋಶದೊಳಗೆ ಕಡಲೆಬೀಜದಷ್ಟು ದುರ್ಮಾಂಸ. ಇದೊಂದು ತೆಗೆದ್ರೆ ರಕ್ತಾನೂ ನಿಲ್ಲುತ್ತೆ, ಮಗು ನಿಲ್ಲೋಕೂ ದಾರಿ ಆಗಬಹುದು ಅಂತ ನಮ್ಮ ಡಾಕ್ಟರಮ್ಮ ಹೇಳಿದ್ರು. ಆ ಮಾತು ಕೇಳಿದಾಗ ಹುಡುಗಿ ಸೆರಗಿನ ತುದಿ ಹಿಡ್ಕೊಂಡು ಕೂತಿದ್ದು ನನಗೆ ಇನ್ನೂ ನೆನಪಿದೆ.

ಜೊತೆಗೆ ಬಂದಿದ್ದು ಗಂಡ ಮತ್ತು ಅತ್ತೆ. ಗಂಡ ಮಾವಿನ ಮಂಡಿಯಲ್ಲಿ ವ್ಯಾಪಾರ ಮಾಡೋನು, ಎಲ್ಲದಕ್ಕೂ ಎರಡೆರಡು ಸಲ ಪ್ರಶ್ನೆ ಕೇಳೋ ಮನುಷ್ಯ. ಅತ್ತೆಯದು ಒಂದೇ ಕೆಲಸ. ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿ ಬಿಚ್ಚೋದು, ಕಟ್ಟೋದು, ಬಿಚ್ಚೋದು, ಕಟ್ಟೋದು. ಬೆಳಿಗ್ಗೆ ಒಂಬತ್ತಕ್ಕೆ ಒಂದು, ಸಂಜೆ ಊಟಕ್ಕೆ ಮುಂಚೆ ಒಂದು, ಹದಿನಾಲ್ಕು ದಿನ, ಒಂದೂ ತಪ್ಪಬಾರದು, ತಪ್ಪಿದ್ರೆ ನಡುವೆಯೇ ರಕ್ತ ಶುರುವಾಗಿ ಆಪರೇಷನ್ ಮುಂದಕ್ಕೆ ಹೋಗುತ್ತೆ ಅಂತ ನಾನು ಮೂರು ಮೂರು ಸಲ ಹೇಳಿ ಕಳಿಸಿದೆ.

ಗಂಡ ಫೋನಲ್ಲಿ ಅಲಾರಾಂ ಇಟ್ಕೊಂಡ. ಒಂಬತ್ತಕ್ಕೆ ಸರಿಯಾಗಿ ಅದು ಬಡ್ಕೊಳ್ಳೋದು, ಇವನು ಎಲ್ಲಿದ್ರೂ ಹೆಂಡತಿಗೆ ಫೋನ್ ಮಾಡಿ ನುಂಗಿದ್ಯಾ ಅಂತ ಕೇಳೋದು. ಈಗ ಬೆಳಿಗ್ಗೆ ಒಂಬತ್ತು ಅಂದ್ರೆ ಸೀಸನ್ನಲ್ಲಿ ಮಂಡಿಯಲ್ಲಿ ಹರಾಜು ಜೋರಾಗಿರೋ ಹೊತ್ತು. ಒಂದು ದಿನ ಒಂದು ಟೆಂಪೋ ತೋತಾಪುರಿ ಬಂದು ನಿಂತಿತ್ತು. ಕಸುಗಾಯಿ, ಆಲಿಕಲ್ಲು ಬಿದ್ದ ಮಾಲು, ಯಾರೂ ಬೆಲೆ ಕೂಗ್ತಾ ಇಲ್ಲ. ಆಗಲೇ ಅಲಾರಾಂ ಹೊಡೀತು. ಇವನು ಗಲಾಟೆಯಲ್ಲಿ ಕೇಳಿಸಲ್ಲ ಅಂತ ಫೋನ್ ಹಿಡಿದ ಕೈ ಮೇಲಕ್ಕೆತ್ತಿ ಜನರನ್ನ ಸರಿಸ್ಕೊಂಡು ಆಚೆಗೆ ಹೊರಟ. ಹರಾಜು ಕೂಗೋನು ಎತ್ತಿದ ಕೈ ನೋಡಿ, ಮೂರು ಸಲ ಕೂಗಿ, ಮಾಲು ಇವನ ತಲೆಗೆ ಕಟ್ಟಿಬಿಟ್ಟ.

ಇವನು ಆಚೆಯಿಂದ ಹೆಂಡತಿ ನುಂಗಿದಳು ಅನ್ನೋ ಖುಷಿಯಲ್ಲಿ ಒಳಗೆ ಬರೋ ಹೊತ್ತಿಗೆ ಟೆಂಪೋ ಡ್ರೈವರು ಎಲ್ಲಿ ಇಳಿಸಲಿ ಅಂತ ಕಾಯ್ತಾ ನಿಂತಿದ್ದ. ಮಾರನೇ ದಿನದಿಂದ ಮಂಡಿಯವರೆಲ್ಲ ಒಂಬತ್ತಕ್ಕೆ ಐದು ನಿಮಿಷ ಇದ್ದಂಗೆ, ಲೇ, ಹೊರಗೆ ಹೋಗಿ ನಿಂತ್ಕೊಳೋ, ನಿನ್ನ ಹೆಂಡತಿ ಮಾತ್ರೆ ಟೈಮಾಯ್ತು ಅಂತ ಕಳಿಸೋಕೆ ಶುರು ಮಾಡಿದ್ರಂತೆ. ಆ ಹುಳಿ ಕಾಯಿ ನಾಲ್ಕು ಚೀಲ ನಮ್ಮ ನರ್ಸಿಂಗ್ ಹೋಮಿಗೂ ಬಂತು. ಡಾಕ್ಟರಮ್ಮನಿಂದ ಹಿಡಿದು ಆಯಾವರೆಗೂ ಎಲ್ಲರ ಮನೇಲೂ ಆ ವರ್ಷ ಹಾರ್ಮೋನ್ ಉಪ್ಪಿನಕಾಯಿ.

೨. ಗೃಹಪ್ರವೇಶ

ಹದಿನೈದನೇ ದಿನ ಸ್ಕ್ಯಾನಿಗೆ ಬಂದ್ರು. ಮಾರನೇ ದಿನಕ್ಕೆ ಆಪರೇಷನ್. ಥಿಯೇಟರ್ ಬುಕ್ ಆಗಿದೆ, ಅನಸ್ತೇಶಿಯಾ ಡಾಕ್ಟರಿಗೆ ಹೇಳಿ ಆಗಿದೆ. ನೋಡಿದ್ರೆ ಹುಡುಗಿಗೆ ನಾಲ್ಕು ದಿನದಿಂದ ರಕ್ತ ಹೋಗ್ತಿದೆ. ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಈಗ ಒಳಗೆ ಕ್ಯಾಮೆರಾ ಹಾಕಿದ್ರೆ ಏನೂ ಕಾಣಲ್ಲ, ಮುಂದಿನ ತಿಂಗಳು ನೋಡೋಣ ಅಂದುಬಿಟ್ಟರು. ಮಾತ್ರೆ ಎಲ್ಲ ತಗೊಂಡ್ಯಾ ಅಂತ ಕೇಳಿದ್ರೆ ಹುಡುಗಿ ನೆಲ ನೋಡ್ತಾಳೆ. ಗಂಡ ಖಾಲಿ ಸ್ಟ್ರಿಪ್ ತೋರಿಸ್ತಾನೆ. ದಿನಾ ಫೋನ್ ಮಾಡಿ ಕೇಳಿದೀನಿ ಮೇಡಂ, ದಿನಾ ಹೂಂ ಅಂದಿದಾಳೆ ಅಂತಾನೆ ಪಾಪ.

ನನಗೆ ಅನುಮಾನ ಬಂತು. ಹುಡುಗೀನ ಪಕ್ಕದ ರೂಮಿಗೆ ಕರ್ಕೊಂಡು ಹೋಗಿ ಗದರಿಸಿದೆ. ಆಗ ಹೊರಗೆ ಬಂತು. ನಾನು ಕೊಟ್ಟ ಮಾತ್ರೆ, ಹಬ್ಬ ಹರಿದಿನ ಬಂದಾಗ ಮುಟ್ಟು ಮುಂದಕ್ಕೆ ಹಾಕೋಕೆ ಹೆಂಗಸರು ಮೆಡಿಕಲ್ ಶಾಪಿಂದ ತಂದು ನುಂಗ್ತಾರಲ್ಲ, ಅದೇ ಜಾತಿಯದು. ಆ ಮನೇಲಿ ಅದೇ ವಾರ ಹೊಸ ಮನೆ ಗೃಹಪ್ರವೇಶ ಇತ್ತು. ಪೂಜೆ ದಿನ ಮನೆ ಹೆಣ್ಣುಮಕ್ಕಳು ಯಾರೂ ಹೊರಗೆ ಕೂರೋ ಹಾಗಾಗಬಾರದು ಅಂತ ಅತ್ತೆ ಸ್ಟ್ರಿಪ್ ಎತ್ತಿಟ್ಕೊಂಡು, ಹಿರಿ ಸೊಸೆಗೆ, ಮಗಳಿಗೆ, ನಾದಿನಿಗೆ, ನಾದಿನಿ ಸೊಸೆಗೆ, ಹೀಗೆ ನಾಲ್ಕು ಜನಕ್ಕೂ ಪ್ರಸಾದ ಹಂಚಿದಂಗೆ ಹಂಚಿದ್ರಂತೆ. ಕಿರಿ ಸೊಸೆ ಪಾಲಿಗೆ ಅರ್ಧವೇ ಉಳಿದಿದ್ದು. ಅತ್ತೆಗೆ ಎದುರು ಹೇಳೋ ಧೈರ್ಯ ಇಲ್ಲದೆ, ಗಂಡ ಫೋನ್ ಮಾಡಿದಾಗೆಲ್ಲ ಇವಳು ಖಾಲಿ ಬಾಯಲ್ಲೇ ಹೂಂ ಅಂದಿದಾಳೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾರಿಡಾರಿನ ಬೆಂಚ್ ಮೇಲೆ ಕೂತಿದ್ದ ಅತ್ತೆ ಹತ್ತಿರ ಹೋಗಿ, ಏನಕ್ಕ ಇದು, ಒಬ್ಬರಿಗೆ ಬರೆದುಕೊಟ್ಟ ಔಷಧಿ ಊರಿಗೆಲ್ಲ ಹಂಚ್ತಾರಾ, ಯಾರಿಗೆ ಬೀಪಿ ಇದೆ, ಯಾರಿಗೆ ಲಿವರ್ ತೊಂದರೆ ಇದೆ ಅಂತ ನಿಮಗೆ ಗೊತ್ತಾ, ಬುದ್ಧಿ ಬೇಡವಾ ಅಂತ ಬಾಯಿಗೆ ಬಂದಿದ್ದೆಲ್ಲ ಅಂದೆ. ನನಗಿಂತ ಐದಾರು ವರ್ಷ ದೊಡ್ಡೋರು. ಎಲ್ಲ ಕೇಳಿಸ್ಕೊಂಡ್ರು. ಆಮೇಲೆ ಸಂಚಿ ಕಟ್ಟಿ ಪಕ್ಕಕ್ಕಿಟ್ಟು ಹೇಳಿದ್ರು.

"ಗೃಹಪ್ರವೇಶ ಒಂದು ನೆಪ ಸಿಸ್ಟರಮ್ಮ. ಮಾತ್ರೆ ಖಾಲಿಯಾದ್ರೆ ಆಪರೇಷನ್ ತಪ್ಪುತ್ತೆ ಅಂತ ನೀವೇ ಹೇಳಿದ್ರಲ್ಲ. ತಪ್ಪಲಿ ಅಂತಲೇ ಹಂಚಿದ್ದು."

ನಾನು ಅವರ ಪಕ್ಕದಲ್ಲಿ ಕೂತೆ. ಅವರು ಮುಂದುವರಿಸಿದ್ರು. ಅವರಿಗೆ ಮೂವತ್ತೆರಡು ವರ್ಷ ಇದ್ದಾಗ ಹೀಗೇ ರಕ್ತ ಹೋಗ್ತಿತ್ತಂತೆ. ದೂರದ ಯಾವುದೋ ಊರಿನ ಡಾಕ್ಟರು, ಸಣ್ಣ ಗಂಟಮ್ಮ, ತೆಗೆದುಬಿಡ್ತೀವಿ ಅಂದ್ರಂತೆ. ಎಚ್ಚರ ಆದಮೇಲೆ ಗೊತ್ತಾಗಿದ್ದು, ಗಂಟಿನ ಜೊತೆ ಗರ್ಭಕೋಶಾನೂ ಹೋಗಿತ್ತು.

"ನಂಗಾದ್ರೂ ಮೂರು ಮಕ್ಕಳಾಗಿದ್ವು. ಈ ಹುಡುಗಿಗೆ ಒಂದೂ ಇಲ್ಲ. ಇವಳದ್ದೂ ತೆಗೆದುಬಿಟ್ರೆ ಏನಮ್ಮ ಮಾಡ್ಲಿ ನಾನು?"

ನನ್ನ ಸಿಟ್ಟೆಲ್ಲ ಇಳಿದುಹೋಯ್ತು. ಇಷ್ಟು ವರ್ಷ ಹುಲ್ಲು, ಕಲ್ಲು ಅಂತ ಕಥೆ ಹೇಳ್ತಿದ್ದೆ, ಕೋಶ ಕೋಶದ ಜಾಗದಲ್ಲೇ ಇರುತ್ತೆ ಅನ್ನೋ ಒಂದು ಮಾತು ಬಿಡಿಸಿ ಹೇಳಬೇಕು ಅಂತ ನನಗೆ ತೋಚಿರಲಿಲ್ಲ. ನಾಚಿಕೆ ಆಯ್ತು. ಕೈ ಹಿಡ್ಕೊಂಡು ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋದೆ. ಡಾಕ್ಟರಮ್ಮ ಹಾಳೆ ಮೇಲೆ ಚಿತ್ರ ಬರೆದು, ಇದು ಕೋಶ, ಇದನ್ನ ಮುಟ್ಟಲ್ಲ, ಇದು ದುರ್ಮಾಂಸ, ಇಷ್ಟೇ ತೆಗೆಯೋದು ಅಂತ ತೋರಿಸಿದ್ರು. ಅತ್ತೆ ಒಂದೇ ಷರತ್ತು ಹಾಕಿದ್ರು, ಆಪರೇಷನ್ ಆದಮೇಲೆ ಕೋಶ ಇದೆ ಅಂತ ನನ್ನ ಕಣ್ಣಿಗೆ ತೋರಿಸಬೇಕು. ಟೀವಿಯಲ್ಲೇ ತೋರಿಸ್ತೀನಿ ಅಂತ ಡಾಕ್ಟರಮ್ಮ ಒಪ್ಕೊಂಡ್ರು.

ಹೊರಗೆ ಬಂದಮೇಲೆ ಅತ್ತೆಗೆ ಸ್ವಲ್ಪ ಹಗುರ ಆಯ್ತು ಅಂತ ಕಾಣುತ್ತೆ, ಎಲೆ ಬಾಯಿಗಿಟ್ಕೊಂಡು, ನಂಗೆ ಶಿಕ್ಷೆ ಆಗ್ಲಿಲ್ಲ ಅಂದ್ಕೋಬೇಡಿ ಅಂತ ಶುರು ಮಾಡಿದ್ರು. ಆ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತೆ. ಪೂಜೆಯೇನೋ ಸುಸೂತ್ರ ಮುಗೀತು. ಆದರೆ ಕಿರಿ ಸೊಸೆ ಸೇರಿ ಐದು ಜನಾನೂ ನಿಲ್ಲಿಸಿದ್ದು ಒಂದೇ ದಿನ. ಹಾಗಾಗಿ ಐದು ಜನಕ್ಕೂ ಬಂದಿದ್ದು ಒಂದೇ ಬೆಳಿಗ್ಗೆ. ಆ ಮನೇಲಿ ಮುಟ್ಟಾದೋರು ಮೂರು ದಿನ ಒಲೆ ಹತ್ತಿರ ಬರೋ ಹಾಗಿಲ್ಲ, ಅದು ಅತ್ತೆಯೇ ಹಾಕಿದ ಕಟ್ಟುಪಾಡು. ಐದೂ ಜನ ಹೊಸ ಮನೆ ಜಗಲಿ ಮೇಲೆ ಸಾಲಾಗಿ ಚಾಪೆ ಹಾಕ್ಕೊಂಡು ಕೂತು ಫೋನಲ್ಲಿ ಸೀರಿಯಲ್ ನೋಡ್ತಾ ಇದ್ರಂತೆ. ಗೃಹಪ್ರವೇಶಕ್ಕೆ ಬಂದ ನೆಂಟರು ಇನ್ನೂ ಹೋಗಿಲ್ಲ, ತೋಪಲ್ಲಿ ಕಾಯಿ ಕೀಳೋ ಆಳುಗಳು ಬೇರೆ. ಅಷ್ಟೂ ಜನಕ್ಕೆ ಮೂರು ದಿನ ಮುದ್ದೆ ತಿರುವಿದ್ದು ಇವರೊಬ್ಬರೇ.

"ಮೂರನೇ ದಿನ ಯಜಮಾನರು ಇನ್ನೊಂದು ಮುದ್ದೆ ಹಾಕು ಅಂದ್ರು ನೋಡಿ ಸಿಸ್ಟರಮ್ಮ, ಇವರಿಗೂ ಒಂದು ಮಾತ್ರೆ ಕೊಟ್ಟು ಜಗಲಿ ಮೇಲೆ ಕೂರಿಸಬೇಕಾಗಿತ್ತು ಅನ್ನಿಸ್ತು" ಅಂದ್ರು.

೩. ಬಸ್ಸಿನವರೆಲ್ಲ ನೋಡ್ತಾ ಇದ್ರು

ಮುಂದಿನ ತಿಂಗಳು ಮತ್ತೆ ಮಾತ್ರೆ ಶುರು. ಈ ಸಲ ಕಾವಲಿಗೆ ನಿಂತಿದ್ದು ಅತ್ತೆಯೇ. ಸ್ಟ್ರಿಪ್ಪು ಸಂಚಿಯೊಳಗೆ, ಸಂಚಿ ಸೊಂಟದಲ್ಲಿ. ಹೊತ್ತಾದಾಗ ಒಂದು ತೆಗೆದು ಸೊಸೆ ಅಂಗೈ ಮೇಲಿಟ್ಟು, ನುಂಗಿದಮೇಲೆ ಬಾಯಿ ತೆಗೆಸಿ ನೋಡೋದು. ಮಾತ್ರೆಗೆಲ್ಲ ಎಲೆ ಸುಣ್ಣದ ವಾಸನೆ ಬರುತ್ತೆ ಸಿಸ್ಟರ್ ಅಂತ ಹುಡುಗಿ ನನ್ನ ಹತ್ತಿರ ಗುಟ್ಟಾಗಿ ಹೇಳಿದ್ಲು. ಸುಮ್ಮನೆ ನುಂಗು ಕಣೇ, ಈ ಸಲ ನಿಮ್ಮತ್ತೆ ನಮ್ಮ ಪಾರ್ಟಿ ಅಂದೆ.

ಹತ್ತನೇ ದಿನ ಅತ್ತೆ ಬೆಳಗಿನ ಮೊದಲನೇ ಬಸ್ಸಿಗೆ ಕುರುಡುಮಲೆಗೆ ಹೊರಟ್ರು. ಆಪರೇಷನ್ ಸರಿಹೋಗ್ಲಿ ಅಂತ ಗಣಪನಿಗೆ ಹರಕೆ. ಅಲ್ಲಿ ಅಭಿಷೇಕಕ್ಕೆ ಚೀಟಿ ಮಾಡಿಸಿ, ಹೊತ್ತಿದೆ ಅಂತ ಎಲೆ ಹಾಕ್ಕೊಳ್ಳೋಕೆ ಸಂಚಿ ಬಿಚ್ಚಿದ್ರೆ ಸ್ಟ್ರಿಪ್ಪು ಒಳಗೆ ಕೂತಿದೆ. ಒಂಬತ್ತಾಗೋಕೆ ಮುಕ್ಕಾಲು ಗಂಟೆ. ಅಭಿಷೇಕ ಬಿಟ್ಟು ಬರೋ ಹಾಗಿಲ್ಲ, ಮಾತ್ರೆ ತಪ್ಪಿಸೋ ಹಾಗಿಲ್ಲ. ಆಟೋ ಹಿಡಿದು ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಬಂದು, ಶ್ರೀನಿವಾಸಪುರಕ್ಕೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಕೈಗೆ ಮಾತ್ರೆ ಕೊಟ್ಟು, ನಮ್ಮೂರ ಸ್ಟಾಪಲ್ಲಿ ಸೊಸೆ ನಿಂತಿರ್ತಾಳೆ ಅಂತ ಹೇಳಿ, ಸೊಸೆಗೂ ಫೋನ್ ಮಾಡಿ, ಅದೇ ಆಟೋದಲ್ಲಿ ಗಣಪನ ಹತ್ತಿರ ವಾಪಸ್. ನಮ್ಮ ಕಡೆ ಬಸ್ಸಲ್ಲಿ ಕ್ಯಾರಿಯರ್ ಊಟ ಕಳಿಸ್ತಾರೆ, ಹಾಲಿನ ಕ್ಯಾನು ಕಳಿಸ್ತಾರೆ, ಮಾತ್ರೆ ಕಳಿಸೋದು ದೊಡ್ಡ ವಿಷಯ ಅಲ್ಲ. ಆದರೆ ಅತ್ತೆ ಇಡೀ ಸ್ಟ್ರಿಪ್ ಕೊಡಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಎಲೆ ಮಾರೋಳ ಹತ್ತಿರ ಕತ್ತರಿ ಇಸ್ಕೊಂಡು ಒಂದೇ ಒಂದು ಮಾತ್ರೆ ಕತ್ತರಿಸಿ ಕೊಟ್ಟಿದ್ರು. ಬಸ್ಸಲ್ಲೂ ಹೆಂಗಸರು ಇರ್ತಾರಲ್ಲ, ಯಾರನ್ನ ನಂಬೋದು?

ಬಸ್ ಬಂದು ಸ್ಟಾಪಲ್ಲಿ ನಿಂತಿತು. ಹುಡುಗಿ ಕೈ ಚಾಚಿದ್ರೆ ಕಂಡಕ್ಟರು ಕೊಡ್ತಾ ಇಲ್ಲ. ವಯಸ್ಸಾದ ಮನುಷ್ಯ. ನನ್ನ ಕಣ್ಣೆದುರಿಗೇ ನುಂಗಿಸಿ ಬರಬೇಕು ಅಂತ ನಿಮ್ಮತ್ತೆ ಅಂದಿದಾರಮ್ಮ, ನಾನು ಮಾತು ಕೊಟ್ಟಿದ್ದಾಗಿದೆ ಅಂದ್ರಂತೆ. ಡ್ರೈವರು ಇಂಜಿನ್ ಆಫ್ ಮಾಡಿದ. ಕಿಟಕಿಗಳಿಂದೆಲ್ಲ ತಲೆ ಹೊರಗೆ ಬಂತು. ಯಾರೋ ನೀರಿನ ಬಾಟಲಿ ಕೊಟ್ಟರು. ಹುಡುಗಿ ನಾಚ್ಕೊಂಡು ಅತ್ತ ತಿರುಗಿ ನುಂಗಿದ್ರೆ, ಮುಂದಿನ ಸೀಟಿನ ಅಜ್ಜಿ, ಇತ್ತ ತಿರುಗಮ್ಮ, ಬಾಯಿ ತೆಗಿ ಅಂದ್ಲಂತೆ. ತೆಗೆದು ತೋರಿಸಿದಮೇಲೆ ಅಜ್ಜಿ ತಲೆ ಆಡಿಸಿದ್ಲು, ಕಂಡಕ್ಟರು ವಿಸಿಲ್ ಹೊಡೆದ್ರು, ಬಸ್ ಹೊರಟಿತು.

ಹುಡುಗಿ ತಕ್ಷಣ ನನಗೆ ಫೋನ್ ಮಾಡಿ, ಒಂದು ಗಂಟೆ ಲೇಟಾಯ್ತು ಸಿಸ್ಟರ್, ಪರವಾಗಿಲ್ವಾ ಅಂತ ಕೇಳಿದ್ಲು. ಒಂದು ಗಂಟೆಗೆ ಏನೂ ಆಗಲ್ಲ ಅಂದೆ. ಆಮೇಲೆ ನಡೆದಿದ್ದೆಲ್ಲ ಹೇಳ್ತಾ ಹೇಳ್ತಾ ಅವಳೇ ನಗೋಕೆ ಶುರು ಮಾಡಿದ್ಲು. ಆ ಹುಡುಗಿ ನಕ್ಕಿದ್ದು ನಾನು ಕೇಳಿದ್ದು ಅದೇ ಮೊದಲು. ಉಳಿದ ನಾಲ್ಕು ದಿನಾನೂ ಆ ಬಸ್ಸು ಅವರ ಮನೆ ಮುಂದೆ ಬಂದಾಗ ಹಾರ್ನ್ ಹೊಡೆದು ನಿಧಾನ ಮಾಡೋದು, ಕಂಡಕ್ಟರು ಬಾಗಿಲಲ್ಲಿ ನಿಂತು ಆಯ್ತೇನಮ್ಮ ಅನ್ನೋದು, ಇವಳು ಅಂಗಳದಿಂದಲೇ ಬಾಯಿ ತೆಗೆದು ತೋರಿಸೋದು.

೪. ಸುಣ್ಣ ಬಳಿದ ಮನೆ

ಈ ಸಲ ಸ್ಕ್ಯಾನಿನಲ್ಲಿ ಒಳಪದರ ಎಷ್ಟು ಬೇಕೋ ಅಷ್ಟೇ ಇತ್ತು. ಡಾಕ್ಟರಮ್ಮ ಭೇಷ್ ಅಂದ್ರು. ಬೆಳಿಗ್ಗೆ ಹುಡುಗೀನ ಥಿಯೇಟರ್ ಒಳಗೆ ಕರ್ಕೊಂಡು ಹೋಗುವಾಗ ಅತ್ತೆ ನನ್ನ ಕೈ ಹಿಡ್ಕೊಂಡ್ರು. ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ್ರೂ, ಗಣಪನಿಗೆ ಅಭಿಷೇಕ ಮಾಡಿಸಿದ್ರೂ, ಭಯ ಅನ್ನೋದು ಹೋಗಿರಲಿಲ್ಲ. ಒಳಗೆ ಇರೋದು ನಾನೇ ಅಲ್ವಾ ಅಕ್ಕ ಅಂದೆ. ನನ್ನ ಆಪರೇಷನ್ನಲ್ಲೂ ಒಳಗೆ ಒಬ್ಬರು ಸಿಸ್ಟರ್ ಇದ್ರು ಅಂದ್ರು.

ಅರ್ಧ ಗಂಟೆ ಕೆಲಸ. ಪದರ ತೆಳ್ಳಗಿದ್ದಿದ್ರಿಂದ ದುರ್ಮಾಂಸ ಟೀವಿಯಲ್ಲಿ ಎದ್ದು ಕಾಣ್ತಿತ್ತು. ಬುಡಕ್ಕೆ ಕತ್ತರಿಸಿ ತೆಗೆದದ್ದಾಯ್ತು. ಹುಡುಗೀನ ವಾರ್ಡಿಗೆ ಕಳಿಸಿ, ಡಾಕ್ಟರಮ್ಮ ಮಾತು ಕೊಟ್ಟ ಹಾಗೆ ಅತ್ತೆನ ತಮ್ಮ ರೂಮಿಗೆ ಕರೆಸಿ ರೆಕಾರ್ಡ್ ಹಾಕಿದ್ರು. ಇದು ಮೊದಲು, ಇದು ಆಮೇಲೆ ಅಂತ ತೋರಿಸಿದ್ರು. ಅತ್ತೆ ಟೀವಿಗೆ ಮೂಗು ತಾಗೋ ಹಾಗೆ ನಿಂತ್ರು.

"ಕೋಶ ಎಲ್ಲಿ?"

"ಇದೇ ಅಮ್ಮ. ನೀವು ನೋಡ್ತಿರೋದೇ ಕೋಶದ ಒಳಗಡೆ."

"ಇದೆಯಲ್ವಾ?"

"ಇದೆ."

ಮೂರು ಸಲ ಕೇಳಿದ್ರು. ಮೂರನೇ ಸಲ ಇದೆ ಅಂದಮೇಲೆ ಕುರ್ಚಿ ಮೇಲೆ ಕೂತು ಸೆರಗಲ್ಲಿ ಮುಖ ಮುಚ್ಕೊಂಡು ಅತ್ತುಬಿಟ್ರು. ನಾನೂ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಎಷ್ಟೋ ವರ್ಷದ ಹಿಂದೆ ತಮಗೆ ಯಾರೂ ಹೇಳದೆ ಮಾಡಿದ್ದಕ್ಕೆ ಅವರು ಅವತ್ತು ಅಳ್ತಾ ಇದ್ರು ಅಂತ ನನಗನ್ನಿಸ್ತು.

ಆಮೇಲೆ ಕಣ್ಣು ಒರೆಸ್ಕೊಂಡು ಮತ್ತೆ ಟೀವಿ ನೋಡಿದ್ರು. ಒಳ್ಳೆ ಸುಣ್ಣ ಬಳಿದ ಮನೆ ಥರ ಇದೆ ಡಾಕ್ಟರಮ್ಮ ಅಂದ್ರು. ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, ಮತ್ತೆ ಇದರ ಗೃಹಪ್ರವೇಶ ಯಾವಾಗ ಇಟ್ಕೋಬಹುದು ಅಂತ ಕೇಳಿದ್ರು. ಮಗ ಫೋನ್ ಬಂತು ಅಂತ ಹೇಳಿ ಆಚೆಗೆ ಹೋದ. ಫೋನ್ ಬಂದಿರಲಿಲ್ಲ.

೫. ಬೆಂಚಿನ ಮೇಲಿನ ಡಾಕ್ಟರು

ಎಂಟು ತಿಂಗಳು ಕಳೀತು. ಒಂದು ಸೋಮವಾರ ಓಪಿಡಿಯಲ್ಲಿ ವಿಪರೀತ ರಶ್. ಅತ್ತೆ ಸೊಸೆ ಬಂದ್ರು. ಸೊಸೆ ಮುಖಕ್ಕೆ ಕಳೆ ಬಂದಿತ್ತು, ಹೊಟ್ಟೆಯಲ್ಲಿ ನಾಲ್ಕು ತಿಂಗಳು. ಅವಳು ಹೇಳೋಕೆ ಬಾಯಿ ತೆಗೆಯೋ ಮುಂಚೆ ಅತ್ತೆ ಕಾರಿಡಾರಿನ ಆ ತುದಿಯಿಂದಲೇ ಕೈ ಬೆರಳಲ್ಲಿ ನಾಲ್ಕು ತೋರಿಸ್ತಾ ಬಂದ್ರು. ನಾನು ಇಂಜೆಕ್ಷನ್ ಟ್ರೇ ಕೆಳಗಿಟ್ಟು ಹುಡುಗೀನ ತಬ್ಕೊಂಡೆ. ಸ್ಕ್ಯಾನಲ್ಲಿ ಮಗುವಿನ ಎದೆಬಡಿತ ಕೇಳಿಸಿದಾಗ ಅತ್ತೆ ಸಂಚಿಗೆ ಕೈ ಹಾಕಿ, ಸ್ಕ್ಯಾನ್ ಮಿಷಿನ್ನಿಗೆ ಎರಡು ಎಲೆ, ಒಂದು ಬಟ್ಟಲಡಿಕೆ ಇಟ್ಟು ಕೈ ಮುಗಿದ್ರು.

ಅವತ್ತೇ ಹೊಸದಾಗಿ ಮೂರು ಜನಕ್ಕೆ ಅದೇ ಮಾತ್ರೆ ಬರೆದಿದ್ರು. ನಾನು ಅವರನ್ನ ಬೆಂಚಿನ ಮೇಲೆ ಕೂರಿಸಿ, ಯಾರೋ ಕರೆದ್ರು ಅಂತ ಒಳಗೆ ಹೋಗಿ ಬರೋ ಅಷ್ಟರಲ್ಲಿ ಅತ್ತೆ ಅವರ ನಡುವೆ ಕೂತು ಪಾಠ ಶುರು ಮಾಡಿಯಾಗಿತ್ತು. ನನ್ನ ಹುಲ್ಲು ಕಲ್ಲಿನ ಕಥೆ ಎಲ್ಲ ಇಲ್ಲ. ಮೊದಲನೇ ಮಾತೇ, ಕೋಶ ತೆಗೆಯಲ್ಲ, ನಾನು ಟೀವಿಯಲ್ಲಿ ಕಣ್ಣಾರೆ ನೋಡಿದೀನಿ ಅಂತ. ಆ ಮೂರು ಜನಾನೂ ಒಟ್ಟಿಗೆ ಉಸಿರು ಬಿಟ್ಟಿದ್ದು ನನಗೆ ಬಾಗಿಲಿಂದಲೇ ಕಾಣಿಸ್ತು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ನಾನು ಹೇಳಿದಾಗ ಒಬ್ಬರೂ ಹಾಗೆ ಉಸಿರು ಬಿಟ್ಟಿರಲಿಲ್ಲ. ಅವತ್ತಿಂದ ನಾನೂ ಮೊದಲು ಅದನ್ನೇ ಹೇಳ್ತೀನಿ.

ಆಮೇಲೆ ಹೊತ್ತು ಹೊತ್ತಿಗೆ ನುಂಗಬೇಕು, ನುಂಗಿದಮೇಲೆ ಬಾಯಿ ತೆಗೆದು ತೋರಿಸಬೇಕು, ಸ್ಟ್ರಿಪ್ಪು ಸೊಂಟಕ್ಕೆ ಕಟ್ಕೊಂಡು ಊರು ಬಿಟ್ಟು ಹೋಗಬಾರದು ಅಂತ ಒಂದೊಂದೇ ಹೇಳ್ತಾ ಬಂದ್ರು. ಅವರಲ್ಲಿ ಒಬ್ಬಳು, ಮುಂದಿನ ವಾರ ನಮ್ಮ ಮನೇಲಿ ಸತ್ಯನಾರಾಯಣ ಪೂಜೆ ಇದೆ, ಇದು ಅದೇ ಮಾತ್ರೆ ತಾನೆ, ನಮ್ಮ ಓರಗಿತ್ತಿಗೆ ಒಂದೆರಡು ಕೊಡಬಹುದಾ ಅಂತ ಮೆಲ್ಲಗೆ ಕೇಳಿದ್ಲು. ನಾನು ಬೀಪಿ, ಲಿವರ್ ಅಂತ ಬಾಯಿ ತೆಗೀತಿದ್ದೆ. ಅತ್ತೆ ಕೈ ಅಡ್ಡ ಹಿಡಿದು ನನ್ನ ಸುಮ್ಮನಿರಿಸಿದ್ರು. ಎಲೆ ಅಗಿಯೋದು ನಿಲ್ಲಿಸಿ, ಆ ಹುಡುಗಿ ಮುಖ ನೋಡಿದ್ರು.

"ಕೊಡು ತಾಯಿ, ಕೊಡು. ಆದರೆ ಕೊಡೋ ಮುಂಚೆ ನಿಮ್ಮನೇಲಿ ಗಂಡಸರು ಎಷ್ಟು ಮುದ್ದೆ ತಿಂತಾರೆ ಲೆಕ್ಕ ಹಾಕ್ಕೊಂಡು, ನಿಮ್ಮತ್ತೆನ ಒಂದು ಮಾತು ಕೇಳು."